ಪೇಪರ್ ಕಪ್ಪಿನಿಂದ ಉಳಿದ ನೀರೆಷ್ಟು?

2024ರ ಮಾರ್ಚ್. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡುತ್ತಿದ್ದ ತಿಂಗಳು. ನಮ್ಮ ದರ್ಶಿನಿಯ ಬೋರ್ ಕೂಡ ಮಧ್ಯಾಹ್ನದ ಹೊತ್ತಿಗೆ ಬರೀ ಗಾಳಿ ಉಗುಳುತ್ತಿತ್ತು. ನಾನು ಜಾಸ್ತಿ ಯೋಚಿಸಲಿಲ್ಲ. ಸ್ಟೀಲ್ ಲೋಟಗಳನ್ನು ಅಟ್ಟಕ್ಕೇರಿಸಿ ಪೇಪರ್ ಕಪ್ ತರಿಸಿದೆ. ‘ನೀರು ಉಳಿಸಲು ಸಹಕರಿಸಿ’ ಅಂತ ಗಲ್ಲಾದ ಮುಂದೆ ಬೋರ್ಡೂ ಹಾಕಿದೆ. ಗಿರಾಕಿಗಳು ಮೆಚ್ಚಿಕೊಂಡರು, ನಾನೂ ಉಬ್ಬಿದೆ.

ಅಕ್ಕನ ಮಗನಿಗೆ ಒಂದು ದೊಡ್ಡ ಕಂಪನಿಯಲ್ಲಿ ಬಿಆರ್‌ಎಸ್‌ಆರ್ ವರದಿ ಬರೆಯುವ ಕೆಲಸ. ತಮ್ಮ ವ್ಯವಹಾರದಿಂದ ಪರಿಸರಕ್ಕೆ, ಕೆಲಸಗಾರರಿಗೆ, ಸುತ್ತಲಿನ ಜನಕ್ಕೆ ಏನಾಯಿತು ಅಂತ ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಕಡ್ಡಾಯವಾಗಿ ಹೇಳಬೇಕಲ್ಲ, ಅದು. ಬೋರ್ಡ್ ನೋಡಿ ಕೇಳಿದ, “ಎಷ್ಟು ಉಳೀತು ಮಾಮ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಅರ್ಧ ಇಂಚಿನ ವಾಟರ್ ಮೀಟರ್ ತಂದು ಲೋಟ ತೊಳೆಯುವ ಸಿಂಕಿನ ನಲ್ಲಿಗೆ ಹಾಕಿಸಿದೆ. ಒಂದು ವಾರ ಮತ್ತೆ ಸ್ಟೀಲ್ ಲೋಟ. ದಿನಕ್ಕೆ ಸುಮಾರು 900 ಕಾಫಿ-ಟೀ, ಮೀಟರ್ ತೋರಿಸಿದ್ದು ದಿನಕ್ಕೆ 540 ಲೀಟರ್. ಆಗ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ದರ ಕಟ್ಟಿತ್ತು, ಜಿಎಸ್‌ಟಿ ಬೇರೆ. ಆ ಲೆಕ್ಕದಲ್ಲಿ 540 ಲೀಟರ್ ಅಂದರೆ 45 ರೂಪಾಯಿ. ಪೇಪರ್ ಕಪ್ ಒಂದಕ್ಕೆ 70 ಪೈಸೆ, 900ಕ್ಕೆ 630 ರೂಪಾಯಿ! ತಪ್ಪಿರಬೇಕು ಅಂತ ಎರಡು ಸಲ ಕೂಡಿದೆ. ತಪ್ಪಿರಲಿಲ್ಲ.

ಆದರೆ ನಿಜ ಹೇಳಬೇಕು, ಅವತ್ತು ನಮ್ಮ ತೊಂದರೆ ನೀರಿನ ಬೆಲೆ ಅಲ್ಲ, ನೀರು ಸಿಗದೇ ಇರುವುದು. ಟ್ಯಾಂಕರ್ ಬಾರದ ದಿನ 540 ಲೀಟರ್ ಅಂದರೆ ಅರ್ಧ ಅಡುಗೆಮನೆ. ಅದಕ್ಕೇ ಲೀಟರ್ ಒಂದು ಕಾಲಂ, ರೂಪಾಯಿ ಇನ್ನೊಂದು ಕಾಲಂ ಮಾಡಿದೆ, ಎಲ್ಲವನ್ನೂ ದುಡ್ಡಿಗೆ ಇಳಿಸಿ ಕೂಡಲು ಹೋಗಲಿಲ್ಲ.

ಮೂರನೆಯದು ಕಸ. ತರಕಾರಿ ತೂಗುವ ತಕ್ಕಡಿಯಲ್ಲೇ ತೂಗಿದೆ, ಕಾಫಿ ಚರಟ ಸೇರಿ ದಿನಕ್ಕೆ ಹತ್ತಿರಹತ್ತಿರ 4 ಕೆ.ಜಿ. ಕಪ್ಪಿನ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ, ಹಾಗಾಗಿ ಹಸಿ ಕಸಕ್ಕೂ ಹಾಕುವಂತಿಲ್ಲ, ಒದ್ದೆ ಇರುವುದರಿಂದ ಒಣ ಕಸಕ್ಕೂ ಬೇಡ. ಕಸದ ಗಾಡಿಯವರ ಜೊತೆ ದಿನಾ ವಾದ.

ನಾಲ್ಕನೇ ಕಾಲಂ ನನಗೆ ಹೊಳೆದೇ ಇರಲಿಲ್ಲ. ‘ಯಾರಿಗೆ ಏನು ಬದಲಾಯಿತು’ ಅಂತ ಅಕ್ಕನ ಮಗನೇ ಗೆರೆ ಎಳೆದು ಕೊಟ್ಟ. ಪೇಪರ್ ಕಪ್ ಬಂದ ದಿನವೇ ಲೋಟ ತೊಳೆಯುವ ಕೆಲಸದಾಕೆಗೆ “ಮಧ್ಯಾಹ್ನದ ಮೇಲೆ ಬರೋದು ಬೇಡ” ಅಂದಿದ್ದೆ. ಕರೆದು ಕೇಳಿದೆ. “ಅರ್ಧ ದಿನದ ಕೂಲಿ ಹೋಯ್ತಣ್ಣಾ. ಆದ್ರೆ ಕೈ ಒಡೆಯೋದು ನಿಂತಿದೆ” ಅಂದು ಬೆರಳು ಬಿಡಿಸಿ ತೋರಿಸಿದರು. ಉಗುರಿನ ಸಂದಿಯ ಸೀಳು ಆಗಷ್ಟೇ ಕೂಡುತ್ತಿತ್ತು. ಅವರಿಗೆ ಹೋದ ಆ 300 ರೂಪಾಯಿ ನನ್ನ ಪುಸ್ತಕದಲ್ಲಿ ‘ಉಳಿತಾಯ’ ಅಂತ ಕೂತಿತ್ತು. ಎರಡನ್ನೂ ಬರೆದೆ, ಕೂಲಿಯನ್ನೂ, ಬೆರಳನ್ನೂ.

ಸ್ಟೀಲ್ ಲೋಟ ವಾಪಸ್ ಬಂತು, ತೊಳೆಯುವವರೂ ಪೂರ್ತಿ ದಿನಕ್ಕೆ ಬಂದರು. ನಲ್ಲಿ ಬಿಟ್ಟುಕೊಂಡು ತೊಳೆಯುವುದನ್ನು ನಿಲ್ಲಿಸಿ ಮೂರು ಟಬ್ ಇಟ್ಟೆವು. ಮೀಟರ್ ಲೆಕ್ಕ ದಿನಕ್ಕೆ 230 ಲೀಟರ್‌ಗೆ ಇಳಿಯಿತು. ಗ್ಲೌಸ್ ತಂದುಕೊಟ್ಟೆ, ಲೋಟ ಜಾರುತ್ತೆ ಅಂತ ಅವರು ಎರಡನೇ ದಿನವೇ ಬಿಚ್ಚಿಟ್ಟರು. ಸೋಪಿನ ಪುಡಿ ಬದಲಿಸಿ, ಟೇಬಲ್ ಒರೆಸುವ ಹುಡುಗನ ಜೊತೆ ಎರಡೆರಡು ಗಂಟೆ ಪಾಳಿ ಮಾಡಿದ ಮೇಲೆ ಸ್ವಲ್ಪ ವಾಸಿ. ಇನ್ನೊಂದು, ಜಲಮಂಡಳಿ ಕಡ್ಡಾಯ ಮಾಡಿತು ಅಂತ ಗೊಣಗುತ್ತಾ ಕೈ ತೊಳೆಯುವ ನಲ್ಲಿಗಳಿಗೆ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಹಾಕಿಸಿದ್ದೆ. ಆಮೇಲೆ ಅಲ್ಲೂ ಮೀಟರ್ ಇಟ್ಟು ನೋಡಿದರೆ, ಲೋಟಕ್ಕಿಂತ ಜಾಸ್ತಿ ನೀರು ಉಳಿಸುತ್ತಿರುವುದು ಅವೇ.

ಪಾರ್ಸೆಲ್‌ಗೆ ಈಗಲೂ ಪೇಪರ್ ಕಪ್ಪೇ, ದಾರಿ ಸಿಕ್ಕಿಲ್ಲ. ಮೊದಲ ತಿಂಗಳು 22 ಸ್ಟೀಲ್ ಲೋಟ ಮಾಯವಾದವು. ಯಾವ ಕಾಲಂಗೆ ಹಾಕೋದು ಅಂತ ಅಕ್ಕನ ಮಗನನ್ನು ಕೇಳಿದರೆ, “ಸಮಾಜಕ್ಕೆ ಕೊಡುಗೆ ಅಂತ ಬರ್ಕೊಳ್ಳಿ ಮಾಮ” ಅಂದ.