ಕರಾವಳಿಯ ಹಳೇ ಹಂಚಿನ ಮನೆ ರಿಪೇರಿ: ಒಬ್ಬರೇ ಹೊರಟವರಿಗೆ

ನಮ್ಮ ರಸ್ತೆಯಲ್ಲೇ ಮೂರು ಹಳೇ ಹಂಚಿನ ಮನೆ ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಡಿದು ಸುಸ್ತಾಗಿ, ಅಜ್ಜಿಮನೆ ರಿಪೇರಿ ಮಾಡಿಸಿಕೊಂಡು ಸಮುದ್ರದ ಹತ್ತಿರ ಇರೋಣ ಅಂತ ಒಬ್ಬೊಬ್ಬರೇ ಬಂದವರು. ಮೂವರೂ ಬಂದದ್ದು ಡಿಸೆಂಬರಿನಲ್ಲಿ. ಆಗ ಇಲ್ಲಿ ಎಷ್ಟು ಚೆಂದ ಅಂದರೆ ಮನೆಯ ಯಾವ ರೋಗವೂ ಕಾಣುವುದಿಲ್ಲ. ಬಂದ ತಿಂಗಳಲ್ಲೇ ಬಚ್ಚಲಿಗೆ ಟೈಲ್ಸ್, ಗೋಡೆಗೆ ಪುಟ್ಟಿ, ಹೊರಗೆ ಪೇಂಟು. ಜೂನ್ ಎರಡನೇ ವಾರ ಹೊಸ ಪೇಂಟಿನ ಮೇಲೆ ಕಂದು ಗೆರೆ ಇಳಿಯತೊಡಗಿತು. ಮಾಡು, ಅಂದರೆ ಹಂಚಿನ ಚಾವಣಿ, ಸೋರುತ್ತಿತ್ತು, ಅಷ್ಟೇ. ಅದನ್ನು ಯಾರೂ ಹತ್ತಿ ನೋಡಿರಲಿಲ್ಲ.

ನಾನೂ ಹಾಗೇ ಬಂದವಳು. ಮರವಂತೆಯಿಂದ ಸ್ವಲ್ಪ ಉತ್ತರಕ್ಕೆ, ಹೈವೇಗೂ ಸಮುದ್ರಕ್ಕೂ ನಡುವೆ ಒಂದು ಹಳ್ಳಿ. ಅಮ್ಮನ ತವರುಮನೆ, ಕೆಂಪು ಕಲ್ಲಿನ ಗೋಡೆ, ಹನ್ನೊಂದು ವರ್ಷದಿಂದ ಬೀಗ. ನಾನು ಮಾಡಿದ ತಪ್ಪುಗಳೂ ಕೆಳಗೆ ಇವೆ.

1. ಮೊದಲು ಕಾಗದ

ಪಹಣಿ, ಋಣಭಾರ ಪತ್ರ, ಪಂಚಾಯಿತಿಯ ಇ-ಸ್ವತ್ತು (ಮನೆಯ ಆಸ್ತಿ ದಾಖಲೆ) ತೆಗೆಸಿ. ಪಾಲಾಗದ ಮನೆಯಾದರೆ ಎಲ್ಲ ಪಾಲುದಾರರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. "ನೀನು ಮಾಡಿಸ್ಕೋ, ನಂಗೇನೂ ಬೇಡ" ಎಂದ ಮುಂಬೈ ಮಾವ ಮನೆ ಚೆಂದ ಆದ ಮೇಲೆ ಬೇರೆ ಮಾತಾಡಬಹುದು. ಸಮುದ್ರದ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಅಧಿಕೃತವಾಗಿ ಇರುವ ಮನೆಯನ್ನು ಇದ್ದ ಪಾಯದ ಅಳತೆಯಲ್ಲೇ ರಿಪೇರಿ ಮಾಡಲು ಅವಕಾಶ ಇದೆ, ಹಿಂದಕ್ಕೆ ಒಂದು ರೂಮು ಎಳೆಯೋಣ ಅಂತ ಹೊರಟರೆ ಕಷ್ಟ. ಏನೇ ಆಗಲಿ, ಕೆಲಸ ಶುರು ಮಾಡುವ ಮುಂಚೆ ಪಂಚಾಯಿತಿಯಲ್ಲಿ ಕೇಳಿ.

ಕಾಗದದಲ್ಲಿ ಇಲ್ಲದ ಒಂದು ವಿಷಯವೂ ಇದೆ. ಹಿತ್ತಲ ಮೂಲೆಯಲ್ಲಿ ನಾಗಬನವೋ ಒಳಗೆ ದೈವದ ಕೋಣೆಯೋ ಇದ್ದರೆ, ನಿಮಗೆ ನಂಬಿಕೆ ಇರಲಿ ಬಿಡಲಿ, ಅದಕ್ಕೆ ನಡೆದುಕೊಳ್ಳುವ ಕುಟುಂಬಗಳು ಯಾವುವು ಅಂತ ತಿಳಿದುಕೊಳ್ಳಿ. ನಾಗರಪಂಚಮಿಗೆ ಅವರು ಹಾಲು, ಸೀಯಾಳ ಹಿಡಿದುಕೊಂಡು ಬಂದೇ ಬರುತ್ತಾರೆ. ಕಾಂಪೌಂಡು ಕಟ್ಟುವಾಗ ಅವರಿಗೊಂದು ದಾರಿ ಬಿಡಿ.

2. ಒಂದು ಮಳೆಗಾಲ ಸುಮ್ನೆ ಕೂತು ನೋಡಿ

ಇದನ್ನು ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಮೇ ತಿಂಗಳಲ್ಲಿ ಬನ್ನಿ. ಬಾವಿ ನೀರು ಕುಡಿದು ನೋಡಿ, ಉಪ್ಪಾಗುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಸೋರದ ಒಂದು ಕೋಣೆ ಹಿಡಿದು ಒಂದು ಮಂಚ, ಒಂದು ಗ್ಯಾಸ್ ಒಲೆ, ಒಳ್ಳೆಯ ಟಾರ್ಚು, ಐದಾರು ಬಕೆಟ್ಟು ಇಟ್ಟುಕೊಳ್ಳಿ. ಫ್ರಿಜ್, ಸೋಫಾ ಎಲ್ಲ ನೀವು ಬಿಟ್ಟುಬಂದ ಪೇಟೆಯಲ್ಲೇ ಇರಲಿ. ನಾನು ತಂದ ಸೋಫಾಕ್ಕೆ ಆಗಸ್ಟಿನಲ್ಲಿ ಬೂಸ್ಟು ಹಿಡಿದು ನಾಯಿಯೂ ಮಲಗಲಿಲ್ಲ.

ಇನ್ನೊಂದು ಸಾಮಾನು ಬೇಕು, ಬಣ್ಣದ ಸೀಮೆಸುಣ್ಣ. ಜೋರು ಮಳೆಯಲ್ಲಿ ಹನಿ ಬೀಳುವ ಜಾಗವನ್ನು ನೆಲದ ಮೇಲೆ ಗುರುತು ಮಾಡಿ, ಆಮೇಲೆ ಟಾರ್ಚು ಹಿಡಿದು ಮೇಲೆ ನೋಡಿ. ಹನಿ ಬಿದ್ದಲ್ಲೇ ಹಂಚು ಒಡೆದಿರುವುದಿಲ್ಲ. ನೀರು ಪಕ್ಕಾಸಿನ (ಮಾಡಿನ ಇಳಿಜಾರಿನ ಮರದ ತೊಲೆ) ಅಡಿ ಹಿಡಿದುಕೊಂಡು ಮೂರ್ನಾಲ್ಕು ಅಡಿ ಕೆಳಗೆ ಬಂದು ಎಲ್ಲೋ ಒಂದು ಗಂಟಿನ ಹತ್ತಿರ ತೊಟ್ಟಿಕ್ಕುತ್ತದೆ. ಒದ್ದೆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ, ಅದು ಶುರುವಾಗುವಲ್ಲಿ ಮರಕ್ಕೆ ಸೀಮೆಸುಣ್ಣ ಹಚ್ಚಿ. ಜುಲೈ ಮುಗಿಯುವಾಗ ನಮ್ಮ ಚಾವಡಿಯ ಮಾಡಿನ ಒಳಗೆ ಹದಿನಾಲ್ಕು ನೀಲಿ ಗುರುತು ಇದ್ದವು. ಹನ್ನೊಂದು ಒಂದೇ ಕಡೆ, ಎರಡು ಮಾಡು ಕೂಡುವ ಮೂಲೆಯಲ್ಲಿ. ಅಂದರೆ ಇಡೀ ಮಾಡು ಬಿಚ್ಚುವ ಅಗತ್ಯವೇ ಇಲ್ಲ ಅಂತ ಅವತ್ತು ಅಂದುಕೊಂಡಿದ್ದೆ. ಗೆದ್ದಲಿನ ಲೆಕ್ಕ ಬಿಟ್ಟುಹೋಗಿತ್ತು.

3. ಜನ ಹುಡುಕುವುದು

ಹಂಚಿನ ಕೆಲಸವನ್ನು ಕಂಟ್ರಾಕ್ಟು ಕೊಡಬೇಡಿ, ದಿನದ ಸಂಬಳಕ್ಕೆ ಮಾಡಿಸಿ. ಕಂಟ್ರಾಕ್ಟಿನವರಿಗೆ ಅವಸರ, ಅವಸರಕ್ಕೆ ಹಂಚು ಒಡೆಯುತ್ತದೆ. ಹಳೇ ಮನೆಗಳ ಮರದ ಕೆಲಸ ಮಾಡಿದ, ಅರವತ್ತು ದಾಟಿದ ಒಬ್ಬ ಆಚಾರ್ರು ಸಿಕ್ಕರೆ ಅವರು ಹೇಳಿದ ದಿನಕ್ಕೆ ಕಾಯಿರಿ. ಹತ್ತು ಗಂಟೆಗೆ, ನಾಲ್ಕು ಗಂಟೆಗೆ ಚಾ ನೀವೇ ಕೊಡಿ, ಜೊತೆಗೆ ಅವಲಕ್ಕಿಯೋ ಬನ್ನೋ ಏನಾದರೂ. ಶನಿವಾರ ಸಂಜೆ ಲೆಕ್ಕ ಚುಕ್ತಾ. ಯುಪಿಐ ಅಂತ ಕೂರಬೇಡಿ, ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ.

"ಒಬ್ರೇ ಇಪ್ಪುದಾ ಅಮ್ಮಾ?" ಅಂತ ಮೊದಲ ವಾರ ಎಲ್ಲರೂ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ಹೌದು ಅಂತ ಹೇಳಿ, ಪಕ್ಕದ ಮನೆಯವರ ಫೋನ್ ನಂಬರನ್ನು ಅಡುಗೆಮನೆಯ ಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿಡಿ. ಏಣಿ ಹತ್ತುವ ದಿನ ಅವರಿಗೆ ಒಂದು ಮಾತು ಹೇಳಿಯೇ ಹತ್ತಿ.

4. ಮಾಡು

ಲೇಖನ ಬರೆದದ್ದೇ ಇದಕ್ಕೆ.

ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಯುಗಾದಿಯೊಳಗೆ ಮುಗಿಸಿ. ಏಪ್ರಿಲ್, ಮೇನಲ್ಲಿ ಊರಿನವರೆಲ್ಲ ಮಳೆಗೆ ಮುಂಚೆ ಹಂಚು ಕೈಯಾಡಿಸುವವರನ್ನು ಕರೆಯುತ್ತಾರೆ, ನಿಮಗೆ ಜನ ಸಿಗುವುದಿಲ್ಲ. ಆ ಹೊತ್ತಿಗೆ ಸಂಜೆಯ ಗಾಳಿಮಳೆಯೂ ಶುರು.

ಹಂಚನ್ನು ನೆತ್ತಿಯಿಂದ ಕೆಳಕ್ಕೆ ತೆಗೆಯುತ್ತಾ ಬನ್ನಿ. ಒಂದು ಬದಿ ಪೂರ್ತಿ ಬಿಚ್ಚಿ ಇನ್ನೊಂದು ಬದಿ ಹಾಗೇ ಬಿಡಬೇಡಿ. ಸಾವಿರ ಚದರ ಅಡಿ ಮಾಡಿಗೆ ಸುಮಾರು 1500 ಹಂಚು ಬೇಕು. ಒಂದೊಂದು ಎರಡೂವರೆ ಕಿಲೋ ಅಂದರೂ ನಾಲ್ಕು ಟನ್ ಹತ್ತಿರ. ಆ ಭಾರ ಎರಡೂ ಕಡೆ ಸಮ ಇದೆ ಅಂತಲೇ ಹಳೇ ಪಕ್ಕಾಸುಗಳು ನಿಂತಿರುವುದು. ಒಂದು ಬದಿ ಖಾಲಿಯಾದರೆ ಇಡೀ ಮರದ ಚೌಕಟ್ಟು ಇನ್ನೊಂದು ಬದಿಗೆ ವಾಲುತ್ತದೆ. ಹಾಗೆ ವಾಲಿದ್ದನ್ನು ಮೂರು ಮನೆಗಳಲ್ಲಿ ಒಂದರಲ್ಲಿ ನೋಡಿದ್ದೇನೆ, ಆಮೇಲೆ ಅವರು ಬೇಸರದಲ್ಲಿ ಮರವನ್ನೇ ಮಾರಿ ಶೀಟು ಹಾಕಿಸಿದರು. ಆ ಶೀಟಿನ ಅಡಿ ಜುಲೈ ರಾತ್ರಿ ಮಲಗಲು ಆಗುವುದಿಲ್ಲ, ಅಷ್ಟು ಸದ್ದು. ಮೇ ಮಧ್ಯಾಹ್ನ ಕೂರಲು ಆಗುವುದಿಲ್ಲ, ಅಷ್ಟು ಸೆಕೆ. ಹತ್ತಿರ ಸಮುದ್ರ, ತುಕ್ಕು ಬೇರೆ. ಹಂಚಿನ ಮೇಲೆಯೇ ಶೀಟು ಹೊದಿಸಿ ಅನ್ನುವವರೂ ಬರುತ್ತಾರೆ. ಚಾ ಕೊಟ್ಟು ಕಳಿಸಿ.

ತೆಗೆದ ಹಂಚನ್ನು ಎಸೆಯದೆ ಕೈಯಿಂದ ಕೈಗೆ ಇಳಿಸಿ. ಅಂಗಳದಲ್ಲಿ ಒಂದರ ಮೇಲೊಂದು ಮಲಗಿಸಿ ಇಟ್ಟರೆ ಅಡಿಯವು ಸೀಳುತ್ತವೆ, ಆದ್ದರಿಂದ ಪುಸ್ತಕ ನಿಲ್ಲಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಆಮೇಲೆ ಪ್ರತಿಯೊಂದನ್ನೂ ಪರೀಕ್ಷೆ ಮಾಡಬೇಕು. ನಮ್ಮ ಆಚಾರ್ರು ಜಗಲಿಯಲ್ಲಿ ಕೂತು, ಹಂಚನ್ನು ಎಡಗೈಯ ಎರಡು ಬೆರಳಿನಲ್ಲಿ ನೇತಾಡಿಸಿ, ಬಲಗೈ ಬೆರಳ ಗೆಣ್ಣಿನಿಂದ ಒಂದೇ ಸಲ ತಟ್ಟುತ್ತಿದ್ದರು. ಟಣ್ ಅಂದರೆ ಬಲಕ್ಕೆ, ಟಪ್ ಅಂದರೆ ಎಡಕ್ಕೆ. "ಮಾತಾಡುತ್ತ್ ಕಾಣಿ" ಅಂತ ಒಂದನ್ನು ನನ್ನ ಕಿವಿಗೇ ಹಿಡಿದರು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ನಾನು ಅವತ್ತು ಇನ್ನೂರು ತಟ್ಟಿದೆ, ಗೆಣ್ಣು ಊದಿತು.

ಪಾಚಿ ತೆಗೆಯಲು ತೆಂಗಿನ ನಾರಿನ ಬ್ರಷ್ಷು, ನೀರು ಸಾಕು. ಪ್ರೆಶರ್ ವಾಷರ್ ಹಿಡಿದುಕೊಂಡು ಬರುವವರನ್ನು ಗೇಟಿನಿಂದಲೇ ಕಳಿಸಿ, ಅದು ಪಾಚಿಯ ಜೊತೆ ಹಂಚಿನ ಮೇಲ್ಮೈಯನ್ನೂ ಕಿತ್ತುಕೊಂಡು ಹೋಗುತ್ತದೆ. ಮತ್ತೆ ಹಂಚಿಗೆ ಕೆಂಪು ಪೇಂಟು ಹೊಡೆಸುವುದು ನನಗೆ ಇಷ್ಟವಿಲ್ಲ. ಎರಡು ವರ್ಷಕ್ಕೆ ಎದ್ದು ಬರುತ್ತದೆ, ಆಮೇಲೆ ಮನೆಗೆ ತುರಿಕೆ ಬಂದ ಹಾಗೆ ಕಾಣುತ್ತದೆ.

ಈಗ ಕಮ್ಮಿ ಬಿದ್ದ ಹಂಚಿನ ಪ್ರಶ್ನೆ. ಬಹಳ ಜನ ಇಲ್ಲೇ ಎಡವುವುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದಿತು. ಎಲ್ಲವನ್ನೂ ಮಂಗಳೂರು ಹಂಚು ಅನ್ನುತ್ತೇವೆ, ಆದರೆ ಒಬ್ಬೊಬ್ಬರ ಅಚ್ಚು ಒಂದೊಂದು ತರಹ. ಒಂದು ಕಾರ್ಖಾನೆಯ ಹಂಚಿನ ತೋಡಿಗೆ ಇನ್ನೊಂದರ ಏಣು ಸರಿಯಾಗಿ ಕಚ್ಚುವುದಿಲ್ಲ. ಒಂದು ನೂಲಿನಷ್ಟು ಸಂದು ಉಳಿದರೂ ಗಾಳಿ ಹೊಡೆದಾಗ ನೀರು ಒಳಗೆ ಬರುತ್ತದೆ. ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಹಳೇ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಅದೇ ಹೆಸರಿನದು ಸಿಗುತ್ತದಾ ಹುಡುಕಿ. ಹೋಗುವಾಗ ನಿಮ್ಮದೊಂದು ಹಂಚು ಕೈಯಲ್ಲಿರಲಿ, ಅಲ್ಲೇ ನೆಲದ ಮೇಲೆ ಕಚ್ಚಿಸಿ ನೋಡಿ. ಫೋಟೋ ತೋರಿಸಿ ತರಿಸಿಕೊಳ್ಳಬೇಡಿ. ನಾನು ಹಾಗೆ ತರಿಸಿದ ಮುನ್ನೂರು ಹಂಚು ಈಗ ಹೂವಿನ ಗಿಡಗಳ ಸುತ್ತ ಬೇಲಿಯಾಗಿ ನಿಂತಿವೆ. ಎರಡು ತರಹದ್ದು ಬಳಸಲೇಬೇಕಾದರೆ ಬೆರೆಸಬೇಡಿ. ಒಂದು ತರಹ ಪೂರ್ತಿ ಒಂದು ಬದಿಗೆ, ಇನ್ನೊಂದು ಇನ್ನೊಂದು ಬದಿಗೆ.

ಹಂಚು ಇಳಿದ ಮೇಲೆ ಮರ ನೋಡಿ. ಪಕ್ಕಾಸು ನಡುವೆ ಗಟ್ಟಿ ಕಂಡರೆ ಮೋಸ ಹೋಗಬೇಡಿ, ಕೊಳೆಯುವುದು ಗೋಡೆಯ ಮೇಲೆ ಕೂರುವ ತುದಿಯಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ. ನಮ್ಮಲ್ಲಿ ಆರು ಪಕ್ಕಾಸಿಗೆ ಹಿಡಿಯವರೆಗೂ ಹೋಯಿತು, ಒಳಗೆಲ್ಲ ಗೆದ್ದಲು. ತುದಿ ಮಾತ್ರ ಕೊಳೆತದ್ದಕ್ಕೆ ಹೊಸ ಮರ ಕಸಿ ಮಾಡಿಸಿ, ಪೂರ್ತಿ ಬದಲಿಸುವ ಅಗತ್ಯವಿಲ್ಲ. ಹೊಸ ಮರಕ್ಕೂ ಹಳೆಯದಕ್ಕೂ ಗೇರೆಣ್ಣೆ ಹಚ್ಚಿಸಿ, ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ದೋಣಿಗೆ ಹಚ್ಚುತ್ತಿದ್ದದ್ದೂ ಅದೇ. ಕೈಗೆ ಗ್ಲೌಸು ಬೇಕೇ ಬೇಕು, ಚರ್ಮ ಸುಟ್ಟುಹೋಗುತ್ತದೆ.

ರೀಪು, ಅಂದರೆ ಹಂಚು ಕೂರುವ ಅಡ್ಡ ಪಟ್ಟಿ, ಹೊಡೆಯುವ ಅಂತರವನ್ನು ಟೇಪಿನಿಂದ ಊಹಿಸಬೇಡಿ, ಹಂಚಿನಿಂದಲೇ ತೆಗೆಯಿರಿ. ಹತ್ತು ಹಂಚು ನೆಲದ ಮೇಲೆ ಮಗುಚಿ ಸಾಲಾಗಿ ಕಚ್ಚಿಸಿ. ಒತ್ತಿ ಬಿಗಿ ಮಾಡಿ ಮೊದಲ ಹಂಚಿನ ಕೊಕ್ಕೆಯಿಂದ ಹತ್ತನೆಯದರ ಕೊಕ್ಕೆವರೆಗೆ ಅಳೆಯಿರಿ. ಆಮೇಲೆ ಬಿಟ್ಟುಹೋಗದ ಹಾಗೆ ಎಳೆದು ಸಡಿಲ ಮಾಡಿ ಮತ್ತೊಮ್ಮೆ. ಎರಡು ಅಳತೆಯ ಸರಾಸರಿಯನ್ನು ಒಂಬತ್ತರಿಂದ ಭಾಗಿಸಿ. ಹತ್ತರಿಂದ ಅಲ್ಲ. ಹತ್ತು ಹಂಚಿನ ನಡುವೆ ಇರುವುದು ಒಂಬತ್ತೇ ಜಾಗ. ಒಂದಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಸೂರಿನ ಮೊದಲ ರೀಪು ಮಾತ್ರ ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು, ಇಲ್ಲದಿದ್ದರೆ ಮೊದಲ ಸಾಲು ಮೂತಿ ಕೆಳಗೆ ಹಾಕಿ ಕೂರುತ್ತದೆ.

ಹೊದಿಸುವುದು ಸೂರಿನಿಂದ ಮೇಲಕ್ಕೆ. ನೆತ್ತಿಯ ಹಂಚಿಗೆ ಸಿಮೆಂಟನ್ನು ಕೈತುಂಬ ಮೆತ್ತಿಸಬೇಡಿ, ಬಿಸಿಲಿಗೆ ಸೀಳಿ ಅಲ್ಲೇ ಮೊದಲು ಸೋರುತ್ತದೆ. ಸುಣ್ಣ ಬೆರೆಸಿದ ಸಡಿಲ ಗಾರೆ ಸಾಕು. ಕತ್ತಲೆ ಕೋಣೆಗಳಿಗೆ ಎರಡೆರಡು ಗಾಜಿನ ಹಂಚು ಹಾಕಿಸಿ. ಮಾಡಿನ ಮೇಲೆ ಬಾಗಿದ ತೆಂಗಿನ ಮರ ಇದ್ದರೆ ಕಾಯಿ, ಒಣ ಗರಿ ತಿಂಗಳಿಗೊಮ್ಮೆ ಇಳಿಸಿ.

5. ಗೋಡೆ

ಕೆಂಪು ಕಲ್ಲು ನೀರು ಕುಡಿಯುತ್ತದೆ, ಬಿಡುತ್ತದೆ. ಮೇಲೆ ಸಿಮೆಂಟು ಪ್ಲಾಸ್ಟರು, ಅದರ ಮೇಲೆ ವಾಟರ್‌ಪ್ರೂಫ್ ಪೇಂಟು ಬಳಿದರೆ ಕುಡಿದದ್ದು ಹೊರಗೆ ಹೋಗುವುದಿಲ್ಲ. ಉಪ್ಪು ಹೂವಿನ ಹಾಗೆ ಅರಳಿ ಪ್ಲಾಸ್ಟರನ್ನೇ ತಳ್ಳುತ್ತದೆ. ಹಳೇ ಸುಣ್ಣದ ಗಾರೆ ಉದುರಿದಲ್ಲಿ ಸುಣ್ಣದಿಂದಲೇ ತೇಪೆ ಹಾಕಿ. ಒಂದು ಪಾಲು ಸುಣ್ಣ, ಮೂರು ಪಾಲು ಹೊಳೆ ಮರಳು, ತೆಳ್ಳಗೆ ಎರಡು ಸಲ. ಎರಡು ವಾರವಾದರೂ ಗೋಣಿ ಒದ್ದೆ ಮಾಡಿ ಹೊದಿಸಿಡಿ. ಎದುರಿಗೇ ಇದೆಯಲ್ಲ ಅಂತ ಸಮುದ್ರದ ಮರಳು ತಂದರೆ ಉಪ್ಪನ್ನು ನೀವೇ ಗೋಡೆಗೆ ತುಂಬಿದ ಹಾಗೆ.

6. ಉಳಿದದ್ದು

ವೈರಿಂಗ್ ಪೂರ್ತಿ ಹೊಸದು, ಅರ್ಥಿಂಗ್ ಸರಿಯಾಗಿ, ಇಲ್ಲಿ ಸಿಡಿಲು ಜಾಸ್ತಿ. ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಪುಣ್ಯ, ಒರೆಸಿ, ಚೂರು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಟೈಲ್ಸ್ ಹಾಕಿಸಬೇಡಿ. ಬಚ್ಚಲು ನಿಮ್ಮಿಷ್ಟ. ಬಾವಿಯ ಕೆಸರು ಏಪ್ರಿಲ್ ಕೊನೆಗೆ ತೆಗೆಸಿ. ಪೇಂಟು ಇನ್ನೊಂದು ಮಳೆಗಾಲ ಕಳೆದ ಮೇಲೆ.

ಟಣ್ ಅಂದ ಹಂಚಿನಲ್ಲಿ ಐವತ್ತನ್ನಾದರೂ ಹಿತ್ತಲಲ್ಲಿ ನಿಲ್ಲಿಸಿಡಿ, ಪ್ರತಿ ವರ್ಷ ನಾಲ್ಕೈದು ಬೇಕಾಗುತ್ತವೆ. ಏಣಿ ನಿಮ್ಮದೇ ಇರಲಿ. ಅದನ್ನು ಯಾರಿಗೂ ಎರವಲು ಕೊಡಬೇಡಿ, ನನ್ನದು ಕಳೆದ ದೀಪಾವಳಿಗೆ ಹೋದದ್ದು ಎರಡು ಮನೆ ದಾಟಿದೆ ಅಂತ ಸುದ್ದಿ, ಇನ್ನೂ ವಾಪಸ್ ಬಂದಿಲ್ಲ.