ಅಜ್ಜನ ಕಪಾಟಿಗೆ ಜೋಡಿಯಾಗಿ ಒಂದು ಹಲಸಿನ ಮಂಚ

ಪರ್ಕಳದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಕಪಾಟು ಉಂಟು. ಅದರ ಪಕ್ಕದಲ್ಲಿ ಕಬ್ಬಿಣದ ಮಂಚ ನೋಡಿ ನೋಡಿ ಬೇಸರವಾಗಿ, ಕಳೆದ ನವೆಂಬರಿನಲ್ಲಿ ನಾನೇ ಮರದ ಮಂಚ ಮಾಡಲು ಹೊರಟೆ. ಎರಡು ತಿಂಗಳ ಭಾನುವಾರಗಳು ಅದಕ್ಕೇ ಹೋದವು.

ಮೊದಲು ಬಣ್ಣದ ವಿಷಯ, ಯಾಕೆಂದರೆ ನಾನು ಎಡವಿದ್ದು ಅಲ್ಲೇ. ಕಪಾಟು ಕೆಂಪು ಕಂದು. ಹೊಸ ಹಲಸು ಅರಸಿನದ ಹಾಗೆ ಹಳದಿ. ಅಂಗಡಿಯಿಂದ ಕಂದು ಸ್ಟೇನ್ ತಂದು ಮೊದಲ ಕಾಲಿಗೆ ಬಳಿದೆ. ಗಂಟಿನ ಸುತ್ತ ಇದ್ದಿಲು ಕಪ್ಪು, ಉಳಿದ ಕಡೆ ಚಹಾ ಚೆಲ್ಲಿದ ಹಾಗೆ. ಪಕ್ಕದ ಮನೆಯ ಆಚಾರಿಯವರು ಬಂದು ನೋಡಿ ನಕ್ಕರು. "ಹಲಸಿಗೆ ಬಣ್ಣ ಯಾಕೆ ಮಾರಾಯ್ರೇ? ಅದು ತನ್ನಷ್ಟಕ್ಕೇ ಕಪ್ಪಾಗ್ತದೆ."

ನಂಬಿಕೆ ಬರದಿದ್ದರೆ ಒಂದು ತುಂಡು ಹಲಗೆ ತೆಗೆದುಕೊಳ್ಳಿ. ಅರ್ಧಕ್ಕೆ ದಪ್ಪ ಕಾಗದ ಸುತ್ತಿ ಎರಡು ವಾರ ಬಿಸಿಲಿಗಿಡಿ. ಕಾಗದ ಬಿಚ್ಚಿದಾಗ ಗೆರೆ ಎಳೆದ ಹಾಗೆ ಎರಡು ಬಣ್ಣ ಕಾಣುತ್ತದೆ. ಹಾಗಾಗಿ ಹಳೆಯ ಸಾಮಾನಿಗೆ ಜೋಡಿ ಮಾಡುವವರು ಬಣ್ಣ ಹುಡುಕಬೇಡಿ, ಅದೇ ಜಾತಿಯ ಮರ ಹುಡುಕಿ. ನಮ್ಮದು ತೋಟದಲ್ಲಿ ಬಿದ್ದ ಮರ, ಮಿಲ್ಲಿನಲ್ಲಿ ಸೀಳಿಸಿ ಮೂರು ವರ್ಷ ಅಟ್ಟದಲ್ಲಿ ಒಣಗಿದ್ದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳಬರ ಲೆಕ್ಕ. ಅಂಚಿನ ಬಿಳಿ ಮರವನ್ನು ಪೂರ್ತಿ ತೆಗೆದುಬಿಡಿ, ಕುಟ್ಟೆ ಹಿಡಿಯುವುದು ಅದಕ್ಕೇ.

ಅಳತೆ ಸುಲಭ. ನಮ್ಮ ಹಾಸಿಗೆ 60 ಇಂಚು ಅಗಲ, 78 ಉದ್ದ. ಚೌಕಟ್ಟಿನ ಒಳಗೆ 61 ಮತ್ತು 79 ಇಟ್ಟೆ, ಹೊದಿಕೆ ಸಿಕ್ಕಿಸಲು ಕೈ ಹೋಗಬೇಕಲ್ವಾ? ಕಾಲು ಎರಡೂವರೆ ಇಂಚು ಚೌಕ, ಪಕ್ಕದ ಪಟ್ಟಿ ಆರು ಇಂಚು ಅಗಲ. ಪಟ್ಟಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರ ಎಂದು ಕೇಳಿದರೆ, ಕಪಾಟಿನ ತಳ ಇರುವಷ್ಟೇ. ಎರಡೂ ಒಂದೇ ಗೆರೆಯಲ್ಲಿ ನಿಂತರೆ ಅರ್ಧ ಜೋಡಿ ಆದ ಹಾಗೆ.

ತಲೆಯ ಕಡೆಯ ಚೌಕಟ್ಟಿಗೆ ಪಟ್ಟಿಯ ತುದಿಯನ್ನು ನಾಲಗೆಯ ಹಾಗೆ ಕಡೆದು ಕಾಲಿನ ತೂತಿಗೆ ಕೂರಿಸಿ ಫೆವಿಕಾಲ್ ಹಾಕಿದೆ. ಆದರೆ ನಡುವಿನ ಹಲಗೆಗೆ ಅಂಟು ಬೇಡ. ಸುಮ್ನೆ ಗಾಡಿಯೊಳಗೆ, ಅಂದರೆ ಚೌಕಟ್ಟಿನ ಒಳ ಅಂಚಿಗೆ ಕೊರೆದ ಸಪೂರ ತೋಡಿನೊಳಗೆ, ಕೂರಲಿ, ಬದಿಗೆ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಜಾಗ ಬಿಡಿ. ನಮ್ಮ ಮಳೆಗೆ ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಲ್ಲ. ಅಜ್ಜನ ಕಪಾಟಿನ ಬಾಗಿಲನ್ನು ಅಲ್ಲಾಡಿಸಿ ನೋಡಿದೆ, ಅದರ ಹಲಗೆಯೂ ಹಾಗೇ ಸಡಿಲ. ಉದ್ದದ ಪಟ್ಟಿಗಳಿಗೆ ಬೋಲ್ಟ್ ಹಾಕಿ, ಇಲ್ಲದಿದ್ದರೆ ಮಂಚ ಬಾಗಿಲು ದಾಟುವುದಿಲ್ಲ. ಬೋಲ್ಟ್ ಬಿಗಿ ಮಾಡುವ ಮೊದಲು ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ನನಗೆ ಎರಡೂ ಕಡೆ 99 ಮುಕ್ಕಾಲು ಇಂಚಿನ ಮೇಲೆ ಒಂದು ಕೂದಲು ಬಂತು. ಹಾಸಿಗೆ ಹೊರಲು ಮೂರಿಂಚು ಅಗಲದ 14 ರೀಪು, ನಡುವೆ ಎರಡೂವರೆ ಇಂಚು ಬಿಟ್ಟು. ಅವುಗಳ ಕೆಳಗೆ ನಡುವಿನಲ್ಲಿ ಉದ್ದಕ್ಕೆ ಒಂದು ಪಟ್ಟಿ, ಅದಕ್ಕೊಂದು ಐದನೇ ಕಾಲು. ಇದನ್ನು ಬಿಟ್ಟರೆ ಒಂದೆರಡು ವರ್ಷದಲ್ಲಿ ಮಂಚ ಹೊಟ್ಟೆ ಬಿಡುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅಂಚಿನ ಗೆರೆ. ಕಪಾಟಿನ ಬಾಗಿಲ ಸುತ್ತ ಕಾಲು ಇಂಚಿನ ಉಬ್ಬು ಗೆರೆ ಇದೆ. ಅದರ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಗಲ ಹಿಡಿದೆ. ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಅರದಿಂದ ಆ ಉಬ್ಬಿನ ತಿರುಗುಮುರುಗು ಆಕಾರಕ್ಕೆ ಉಜ್ಜಿದೆ. ಒಂದು ಮರದ ತುಂಡಿಗೆ ಗರಗಸದ ಗೀರು ಹಾಕಿ ಬ್ಲೇಡನ್ನು ಅದರಲ್ಲಿ ಸಿಕ್ಕಿಸಿ, ಪಟ್ಟಿಯ ಅಂಚಿಗೆ ಆನಿಸಿ ಮೆಲ್ಲನೆ ಎಳೆದೆ. ಮೊದಲು ಬರೀ ಪುಡಿ. ಮೂವತ್ತು ನಲವತ್ತು ಸಲ ಎಳೆದ ಮೇಲೆ ಅಜ್ಜನ ಗೆರೆಯೇ ಎದ್ದು ಬಂತು. ಗಡಿಬಿಡಿ ಮಾಡಿದರೆ ಮರ ಸಿಬಿರು ಏಳುತ್ತದೆ.

ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಬಟ್ಟೆಯುಂಡೆಯಲ್ಲಿ ತೆಳುವಾಗಿ ಆರೇಳು ಸಲ. ಮಳೆಗಾಲದಲ್ಲಿ ಮಾತ್ರ ಬೇಡ, ಗಾಳಿಯ ತೇವಕ್ಕೆ ಬೂದಿ ಬಡಿದ ಹಾಗೆ ಬೆಳ್ಳಗಾಗುತ್ತದೆ. ಕಾಲಿನ ಅಡಿಗೂ ಮರೆಯದೆ ಹಚ್ಚಿ, ನೆಲದ ಪಸೆ ಏರುವುದು ಅಲ್ಲಿಂದಲೇ.

ಸ್ಟೇನ್ ಕುಡಿದ ಆ ಮೊದಲ ಕಾಲನ್ನು ಕೀಸಿ ಕೀಸಿ ಉಳಿದವುಗಳಿಗಿಂತ ಒಂದು ಸೂತು ಸಪೂರ ಆಗಿದೆ. ಅದನ್ನು ಗೋಡೆಯ ಮೂಲೆಗೆ ಹಾಕಿದ್ದೇನೆ. ಆಚಾರಿಯವರು ಬಂದಾಗಲೆಲ್ಲ ಮೊದಲು ಬಗ್ಗಿ ನೋಡುವುದು ಅದನ್ನೇ.