ಮಂಗಳವಾರದ ಹಾಡಿಗೆ ಮರಗೆಲಸದ ಅಂಟು: ನನ್ನ ಅನುಭವ

ಹೋದ ವಾರ ರಾತ್ರಿ ಗಾಯಕಿ ಹೋರಿಯೆ ಮಿತ್ಸುಕೊ ಹಾಡಿದ, ಜಪಾನಿನ ಟಿವಿ ಕಾರ್ಟೂನು ಸಜಾಎ-ಸಾನ್‌ನ ಹಾಡಿನ ಗ್ರಾಮಫೋನ್ ಪ್ಲೇಟು ಮೊದಲಿಂದ ಕೊನೆವರೆಗೆ ಶುದ್ಧವಾಗಿ ಓಡಿತು. ಮೂರು ಕಡೆ ಸಣ್ಣ ಚಟ್ ಅಂದಿತು, ಅಷ್ಟೆ. ಆರು ತಿಂಗಳ ಹಿಂದೆ ಇದೇ ಪ್ಲೇಟು ಒಗ್ಗರಣೆ ಸಿಡಿದ ಹಾಗೆ ಕೇಳುತ್ತಿತ್ತು. ಅದನ್ನು ಶುದ್ಧ ಮಾಡಿದ್ದು ಮರಕ್ಕೆ ಹಾಕುವ ಬಿಳಿ ಅಂಟಿನಲ್ಲಿ: ಹಚ್ಚಿ, ಒಣಗಿಸಿ, ಪದರವನ್ನು ಧೂಳಿನ ಸಮೇತ ಕಿತ್ತು. "ಅಲ್ಲ ಮಾರಾಯ, ಅಂಟು ಹಾಕಿ ಪ್ಲೇಟು ತೊಳೀತಾರಾ?" ಅಂದ ಜಪಾನಿನ ಕವಾಸಾಕಿ ಊರಿನ ಗೆಳೆಯರಿಗೆಲ್ಲ ಮರುದಿನವೇ ರೆಕಾರ್ಡಿಂಗ್ ಕಳಿಸಿದೆ.

ಈ ಪ್ಲೇಟೇ ಯಾಕೆ ಅಂತ ಹೇಳಿಬಿಡುತ್ತೇನೆ. ಸಜಾಎ-ಸಾನ್ 1969ರ ಅಕ್ಟೋಬರ್‌ನಿಂದ ಇವತ್ತಿನವರೆಗೂ ಭಾನುವಾರ ಸಂಜೆ ಫೂಜಿ ಟಿವಿಯಲ್ಲಿ ಬರುತ್ತಿದೆ. ಹಸೆಗಾವಾ ಮಾಚಿಕೊ ಅವರ ಪತ್ರಿಕೆ ಕಾಮಿಕ್ಸಿನಿಂದ ಬಂದ ಮನೆ. ಅತ್ತೆ ಮಾವನ ಮನೆ ಅಲ್ಲ, ಮಗಳು ಸಜಾಎ ಗಂಡ ಮಗುವಿನ ಜತೆ ತವರಿನಲ್ಲಿರುವ ತುಂಬು ಮನೆ. ಭಾನುವಾರದ ಹಾಡು ಎಲ್ಲರಿಗೂ ಗೊತ್ತು. ಯುನೊ ಯೂಕೊ ಹಾಡಿದ್ದು, ತ್ಸುತ್ಸುಮಿ ಕ್ಯೋಹೆಯಿ ರಾಗ ಹಾಕಿದ್ದು. ಆದರೆ ಹಳೆ ಕಂತುಗಳನ್ನು ಮಂಗಳವಾರ ಮತ್ತೆ ಹಾಕುತ್ತಿದ್ದರಲ್ಲ, ಅದಕ್ಕೆ ಹೋರಿಯೆ ಹಾಡಿದ ಬೇರೆಯೇ ಎರಡು ಹಾಡುಗಳಿದ್ದವು. 1997ರಲ್ಲಿ ಮಂಗಳವಾರದ ಪ್ರಸಾರ ನಿಂತಿತು, ಆ ಹಾಡುಗಳೂ ಟಿವಿಯಿಂದ ಹೋದವು. ನನ್ನ ಪ್ರಕಾರ ಆ ಎರಡೂ ಭಾನುವಾರದ ಹಾಡಿಗಿಂತ ಏನೂ ಕಮ್ಮಿ ಇಲ್ಲ.

"ಸಿಡಿ ಸಿಗುತ್ತಲ್ಲ" ಅಂತ ಹೇಳುವವರು ಇದ್ದೇ ಇರುತ್ತಾರೆ. ಸಿಡಿಯೂ ನನ್ನ ಹತ್ತಿರ ಇದೆ. ಆದರೆ ಏಳಿಂಚಿನ ಪ್ಲೇಟಿನಲ್ಲಿ ಕೇಳುವ ದನಿಯ ಭಾರ ಬೇರೆ. ಒಮ್ಮೆ ಕೇಳಿದವರು ಒಪ್ಪುತ್ತಾರೆ.

ಮೊದಲು ದುಡ್ಡಿನ ವಿಷಯ. ಹಳೆ ಸಾಮಾನಿನ ಅಂಗಡಿಗಳಲ್ಲಿ ಜಂಕ್ ಡಬ್ಬಿಯ ಏಳಿಂಚಿನ ಪ್ಲೇಟು ಒಂದಕ್ಕೆ 110 ಯೆನ್. ಒಂದು ವರ್ಷದಲ್ಲಿ ಸುಮಾರು 40 ತಂದಿರಬೇಕು. ಅದರಲ್ಲಿ ಸಜಾಎ-ಸಾನ್ ಇದ್ದದ್ದು ನಾಲ್ಕು. ಐದನೆಯದನ್ನು ಅಂಚೆಯಲ್ಲಿ ತರಿಸಿದೆ, 1,800 ಯೆನ್ ಕೊಟ್ಟು. "ಚೆನ್ನಾಗಿದೆ" ಅಂತ ಬರೆದಿದ್ದರು, ಬಂದದ್ದು ಗೀರು ಬಿದ್ದ ಪ್ಲೇಟು. ಗೀರಿಗೆ ಯಾವ ಅಂಟೂ ಮದ್ದಲ್ಲ. ಪ್ಲೇಟು ತೊಳೆಯುವ ಮಷಿನ್ನಿಗೆ ಐವತ್ತು ಅರವತ್ತು ಸಾವಿರ ಯೆನ್ ಆಗುತ್ತೆ. ನನ್ನ ಅಂಟಿನ ದೊಡ್ಡ ಬಾಟಲಿಗೆ ಬಿದ್ದದ್ದು ಸುಮಾರು 800. ಒಂದು ಬದಿಗೆ 20–25 ಗ್ರಾಂ ಸಾಕು, ಲೆಕ್ಕ ಹಾಕಿಕೊಳ್ಳಿ.

ಮೊದಲ ಸಲ ತೆಳ್ಳಗೆ ಹಚ್ಚಿದೆ. ಅದೇ ತಪ್ಪು. ಒಣಗಿದ ಮೇಲೆ ಎಳೆದರೆ ಚೂರುಚೂರಾಗಿ ಹರಿಯಿತು. ಒಳಗಿನ ಗೆರೆಗಳಲ್ಲಿ ಚೂರು ಉಳಿದದ್ದು ನೋಡದೆ ಮುಳ್ಳು ಇಟ್ಟೆ. ಮುಳ್ಳು ಹೋಯಿತು, ಏಳು ಸಾವಿರ ಯೆನ್. ಆ ತಿಂಗಳು ಬೇರೆ ಪ್ಲೇಟು ಕೊಳ್ಳಲಿಲ್ಲ. ಉಳಿದ ಚೂರನ್ನು ಉಗುರಿನಲ್ಲಿ ಕೆರೆಯಬೇಡಿ. ಅದರ ಮೇಲೆಯೇ ದಪ್ಪಗೆ ಇನ್ನೊಂದು ಪದರ ಹಾಕಿ, ಒಣಗಿದ ಮೇಲೆ ಎರಡೂ ಒಟ್ಟಿಗೆ ಬರುತ್ತೆ.

ಎರಡನೇ ಸಲ ಜೂನ್‌ನಲ್ಲಿ. ಜಪಾನಿನ ಮಳೆಗಾಲ, ಎರಡು ದಿನ ಆದರೂ ಅಂಟು ನಡುವೆ ಬಿಳಿಯಾಗಿಯೇ ಇತ್ತು. ಪೂರ್ತಿ ಗಾಜಿನ ಹಾಗೆ ಆಗುವವರೆಗೆ ಮುಟ್ಟಲೇಬಾರದು. ಚಳಿಗಾಲದ ಒಣ ಗಾಳಿಯಲ್ಲಿ ಹತ್ತು ಗಂಟೆ ಸಾಕಾಯಿತು. ಮೂರನೇ ಸಲ ಲೇಬಲ್ ಕಾಗದಕ್ಕೆ ಅಂಟು ತಾಗಿ ಸಜಾಎ ಚಿತ್ರದ ಅರ್ಧ ತಲೆ ಕಿತ್ತು ಬಂತು. ಆ ಬೇಜಾರು ಇನ್ನೂ ಹೋಗಿಲ್ಲ.

ನಾಲ್ಕನೇ ಸಲಕ್ಕೆ ಸರಿಹೋಯಿತು. ಅಂಟಿಗೆ ಎಷ್ಟು ನೀರು ಬೆರೆಸಿದೆ, ಎಳೆಯಲು ಎಲ್ಲಿಂದ ಶುರು ಮಾಡಿದೆ, ಈ ಎರಡು ನನ್ನ ಹತ್ತಿರವೇ ಇರಲಿ. ಪದರ ಒಂದೇ ತುಂಡಾಗಿ ಬಂತು. ಬೆಳಕಿಗೆ ಹಿಡಿದರೆ ಗೆರೆಗಳ ಅಚ್ಚು, ಅದರಲ್ಲಿ ಐವತ್ತು ವರ್ಷದ ಧೂಳು. ಕಿತ್ತ ತಕ್ಷಣ ಪ್ಲೇಟು ಸ್ಥಿರ ವಿದ್ಯುತ್ತಿನಿಂದ ಧೂಳನ್ನು ಎಳೆದುಕೊಳ್ಳುತ್ತೆ, ಹಾಗಾಗಿ ಆ ಕೆಲಸ ಸ್ನಾನದ ಮನೆಯ ತೇವದಲ್ಲಿ ಮಾಡಿ.

ಒಂದು ಎಚ್ಚರಿಕೆ. ರಜಕ್ಕೆ ಶಿವಮೊಗ್ಗಕ್ಕೆ ಹೋದಾಗ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿಗೂ ಮಾಡೋಣ ಅಂತ ಕೈ ತುರಿಸಿತು. ಮಾಡಲಿಲ್ಲ. ಅವು ಅರಗಿನವು. ಅಂಟು ಬಿಡದೆ ಹಿಡಿದುಕೊಂಡರೆ ಮೇಲ್ಪದರವೇ ಹೋದೀತು. ಈ ವಿದ್ಯೆ ವಿನೈಲ್ ಪ್ಲಾಸ್ಟಿಕ್ಕಿನ ಪ್ಲೇಟಿಗೆ ಮಾತ್ರ.

ಹಾಡನ್ನು ಕಂಪ್ಯೂಟರಿಗೆ ಹಾಕುವಾಗ ರೆಕಾರ್ಡಿಂಗಿನ ಗುಣಮಟ್ಟ 24 ಬಿಟ್, 96 ಕಿಲೋಹರ್ಟ್ಸ್ ಇಡುತ್ತೇನೆ. ಚಟಚಟ ತೆಗೆಯುವ ಸಾಫ್ಟ್‌ವೇರ್ ಮುಂಚೆ ಜಾಸ್ತಿ ಬಳಸುತ್ತಿದ್ದೆ. ಯುನೊ ಅವರ ಹಾಡಿನಲ್ಲಿ ಬ್ರಾಸ್ ವಾದ್ಯಗಳ ಹೊಳಪೇ ಹೋಗಿತ್ತು. ಈಗ ಅದನ್ನು ಮುಟ್ಟುವುದೇ ಇಲ್ಲ, ಉಳಿದ ಒಂದೆರಡು ಚಟ್‌ಗಳನ್ನು ಕೈಯಲ್ಲಿ ತೆಗೆಯುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮಗಳು ಕೀಬೋರ್ಡಿನಲ್ಲಿ ಭಾನುವಾರದ ಹಾಡು ನುಡಿಸಬೇಕು ಅಂದಳು. ನಿಮಿಷಕ್ಕೆ 45 ಸುತ್ತಿನ ಪ್ಲೇಟನ್ನು 33ರ ವೇಗದಲ್ಲಿ ಓಡಿಸಿದೆ. ಷಡ್ಜ ಇದ್ದದ್ದು ಕೆಳಗಿನ ಪಂಚಮಕ್ಕೆ ಇಳಿಯುತ್ತೆ, ಅದಕ್ಕಿಂತ ಒಂದು ಕೂದಲೆಳೆ ಕೆಳಗೇ ಅನ್ನಿ. ಆದರೆ ಓಡುವ ಸ್ವರಗಳು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಎರಡು ಸಂಜೆಯಲ್ಲಿ ಪೂರ್ತಿ ಸ್ವರ ಬರೆದುಕೊಂಡೆವು. ಮೀನು ಕಚ್ಚಿಕೊಂಡು ಓಡುವ ಬೆಕ್ಕಿನ ಹಿಂದೆ ಸಜಾಎ ಬರಿಗಾಲಲ್ಲಿ ಓಡುವ ಸಾಲು ಅವಳಿಗೆ ಪ್ರಾಣ.

ಶುದ್ಧವಾದ ಮಂಗಳವಾರದ ಹಾಡನ್ನು ಪಕ್ಕದ ಮನೆಯ ಅಜ್ಜಿಗೂ ಕೇಳಿಸಿದೆ. ಎರಡು ಸಾಲಿಗೇ "ಓ, ಮಂಗಳವಾರ!" ಅಂದರು. ಆಮೇಲೆ ಒಳಗೆ ಹೋಗಿ ತಮ್ಮ ಮಕ್ಕಳ ಕಾಲದ ಒಂದು ಸೋನೋಶೀಟ್, ಅಂದರೆ ಬಾಗುವ ತೆಳು ಪ್ಲಾಸ್ಟಿಕ್ ಪ್ಲೇಟು, ತಂದು ಕೈಗಿಟ್ಟರು.

ಸೋನೋಶೀಟ್ ಕಾಗದದಷ್ಟು ತೆಳು. ಬೇರೊಂದು ಹಾಳಾದ ಶೀಟಿಗೆ ಅಂಟು ಹಚ್ಚಿ ನೋಡಿದ್ದೆ. ಅಂಟು ಒಣಗುತ್ತಾ ಕುಗ್ಗಿ ಶೀಟನ್ನೇ ಹಪ್ಪಳದ ಹಾಗೆ ಸುರುಳಿ ಮಾಡಿತು. ಈಗ ಗಾಜಿನ ಮೇಲೆ ಟೇಪು ಹಾಕಿ ಬಿಗಿದು ಮತ್ತೊಂದು ಹಾಳು ಶೀಟಿನಲ್ಲಿ ನೋಡುತ್ತಿದ್ದೇನೆ. ಅದು ಸರಿಬಂದರೆ ಮಳೆ ಶುರುವಾಗುವ ಮುಂಚೆ ಅಜ್ಜಿಯದ್ದಕ್ಕೆ ಕೈ ಹಾಕುತ್ತೇನೆ.